ಒಣಾ ಆಗಿಂದ ಪೌಡರ್

ವಾಕಡದ ಆ ಮನೆಗೆ ನನ್ನನ್ನು ಕಳಿಸಿದ್ದು ಸೊಂಟದ ಕೀಲಿನ ಸಲುವಾಗಿ ಅಲ್ಲ, ತೊಡೆಸಂದಿಯ ಸಲುವಾಗಿ. ಕೀಲು ಬದಲಿಸುವ ಆಪರೇಷನ್‌ಗೆ ಎಲ್ಲ ತಯಾರಾಗಿತ್ತು. ರಕ್ತದ ಪರೀಕ್ಷೆ, ಹೃದಯದ ಪರೀಕ್ಷೆ ಎಲ್ಲವೂ ಸರಿಯಾಗಿ ಬಂದು ಆಸ್ಪತ್ರೆಯಲ್ಲಿ ಮಂಚವೂ ಸಿಕ್ಕಿತ್ತು. ಹಿಂದಿನ ದಿನ ಸರ್ಜನ್ ಬಂದು ಹೊದಿಕೆ ಸರಿಸಿ ನೋಡಿದರು, ಮತ್ತೆ ಮುಚ್ಚಿದರು, ಮನೆಗೆ ಹೋಗಿ ಎಂದರು. ಬಲತೊಡೆಯ ಸಂದಿಯಲ್ಲಿ, ಹೊಟ್ಟೆಯ ಮಡಿಕೆ ಇಳಿದು ಕೂರುವ ಜಾಗದಲ್ಲಿ ಚರ್ಮ ಕೆಂಪಾಗಿ, ಬೆಂದಂತಾಗಿ, ನೀರು ಜಿನುಗುತ್ತಿತ್ತು. ಅಂಥ ಚರ್ಮದ ಪಕ್ಕದಲ್ಲಿ ಕೊಯ್ದರೆ ಅಲ್ಲಿನ ಸೋಂಕು ಒಳಗೆ ಕೂರಿಸುವ ಲೋಹದ ಕೀಲಿಗೆ ಹತ್ತುತ್ತದೆ. ಹತ್ತಿದರೆ ಹಾಕಿದ ಕೀಲನ್ನು ಮತ್ತೆ ತೆಗೆಯಬೇಕಾಗುತ್ತದೆ. ಚರ್ಮ ಒಣಗಲಿ, ಆಮೇಲೆ ನೋಡೋಣ ಎಂದು ಸರ್ಜನ್ ಫಂಗಸ್ ಕೊಲ್ಲುವ ಔಷಧಿ ಪೌಡರ್ ಬರೆದುಕೊಟ್ಟರು. ಮನೆಗೆ ನರ್ಸ್ ಕಳಿಸುವ ನಮ್ಮ ಸಂಸ್ಥೆಗೆ ಆ ಮನೆಯವರ ಫೋನ್ ಬಂತು.

ಪೇಷಂಟ್ ಐವತ್ತು ದಾಟಿದ ಹೆಂಗಸು, ಮೈಸೂರಿನ ಕಡೆಯವರು, ಭಾರಿ ಮೈಕಟ್ಟು. ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ, ತಮಗಿಂತ ಬಹಳ ಚಿಕ್ಕವಳಾದ ತಂಗಿಯ ಜೊತೆ ಇದ್ದರು. ಆ ಫ್ಲ್ಯಾಟಿನ ಅಡುಗೆಮನೆಯಿಂದಲೇ, ಈ ಮರಾಠಿ ಊರಿನಲ್ಲಿ ನಮ್ಮ ಕನ್ನಡದ ಕಡೆಯ ಊಟ ಬೇಕೆನ್ನುವವರಿಗೆ ಮಧ್ಯಾಹ್ನದ ಡಬ್ಬಿ ಕಳಿಸುತ್ತಿದ್ದರು. ಸೊಂಟದ ಕೀಲಿನಲ್ಲಿ ತೊಡೆಯೆಲುಬಿನ ತಲೆ ಸವೆದು ಕುಸಿಯುತ್ತಿದ್ದರೂ ಒಂದು ಕೈಯಲ್ಲಿ ಕಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರಂತೆ. ತಡವಾದಷ್ಟೂ ಕಾಲು ಗಿಡ್ಡವಾಗುತ್ತದೆ, ಆಪರೇಷನ್ ಕಷ್ಟವಾಗುತ್ತದೆ ಎಂದು ಸರ್ಜನ್ ಎಚ್ಚರಿಸಿದ್ದರು. ರಾತ್ರಿ ಮಗ್ಗುಲು ಬದಲಿಸಿದರೆ ಚೀರುವಷ್ಟು ನೋವು. ಹೀಗಾಗಿ ಅಂಗೈಯಷ್ಟು ಅಗಲದ ಚರ್ಮ ಒಣಗುವುದರ ಮೇಲೆ ಅವರು ಮತ್ತೆ ನಡೆಯುವುದು ನಿಂತಿತ್ತು.

ಮೊದಲ ದಿನ ನಾನು ಕೈಗವಸು ಹಾಕಿಕೊಳ್ಳುತ್ತಿದ್ದಂತೆ ಅವರು ನೈಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಸಿಸ್ಟರ್, ಲೈಟ್ ಆಫ್ ಮಾಡ್ಬಿಡ್ತೀರಾ?"

"ಕತ್ತಲಾಗ ನಾ ಏನ್ ನೋಡ್ಲಿರೀ ಅಕ್ಕಾರ?"

"ನೋಡೋಂಥದ್ದು ಏನಿದೆ ಅಲ್ಲಿ. ಬೇಗ ಮುಗ್ಸಿ."

ಬೇಗ ಮುಗಿಯುವ ಕೆಲಸವಲ್ಲ ಅದು. ಉಗುರುಬೆಚ್ಚಗಿನ ನೀರು, ಸೋಪು ಇಲ್ಲ. ಮೆತ್ತನೆಯ ಬಟ್ಟೆಯನ್ನು ಒತ್ತಬೇಕು, ತಿಕ್ಕಬಾರದು. ಆಮೇಲೆ ಹೊಟ್ಟೆಯ ಮಡಿಕೆಯನ್ನು ಒಂದು ಕೈಯಿಂದ ಎತ್ತಿ ಹಿಡಿದು ಗಾಳಿಗೆ ಬಿಡಬೇಕು. ಬಹಳ ಜನ ಎಡವುವುದು ಇಲ್ಲಿಯೇ. ಕಣ್ಣಿಗೆ ಒಣಗಿದಂತೆ ಕಂಡ ತಕ್ಷಣ ಕೈ ಬಿಡುತ್ತಾರೆ. ಕಣ್ಣನ್ನು ನಂಬುವಂತಿಲ್ಲ. ಬೆರಳಿನ ಹಿಂಬದಿಯಿಂದ ಮುಟ್ಟಿದಾಗ ತಣ್ಣಗೆ ಅಂಟಿದರೆ ಇನ್ನೂ ಹಸಿ ಎಂದೇ ಲೆಕ್ಕ. ಪೂರ್ತಿ ಒಣಗಿದ ಮೇಲೆ ಪೌಡರನ್ನು ಮೊದಲು ಕೈಗೆ ಸುರುವಿಕೊಂಡು, ಇದ್ದೂ ಇಲ್ಲದಂತೆ ಸವರಬೇಕು. ಡಬ್ಬಿಯಿಂದ ನೇರವಾಗಿ ಉದುರಿಸಿದರೆ ಅರ್ಧ ಮೂಗಿಗೆ ಹೋಗುತ್ತದೆ, ಅರ್ಧ ಸಂದಿಯಲ್ಲಿ ಗುಡ್ಡೆ ಬೀಳುತ್ತದೆ. ಪೌಡರ್ ಎಂದರೆ ನೀರು ಕುಡಿಯುವ ವಸ್ತು ಎಂದು ಎಲ್ಲರ ನಂಬಿಕೆ. ನಿಜವಾಗಿ ಅದರ ಮುಖ್ಯ ಕೆಲಸ ಒಣಗಿದ ಚರ್ಮದ ಮೇಲೆ ಒಣಗಿದ ಚರ್ಮ ಉಜ್ಜದೆ ಜಾರುವಂತೆ ಮಾಡುವುದು. ಔಷಧಿ ಪೌಡರ್ ಆದರೆ ಅದರ ಜೊತೆಗೆ ಔಷಧಿಯನ್ನೂ ಅಲ್ಲಿ ನಿಲ್ಲಿಸುತ್ತದೆ.

ನಾನು ಬರುವುದು ಬೆಳಿಗ್ಗೆ ಒಂದು ಹೊತ್ತು ಮಾತ್ರ. ಉಳಿದ ದಿನವೆಲ್ಲ ಅಕ್ಕ ತಂಗಿಯರೇ ನೋಡಿಕೊಳ್ಳಬೇಕು. ತಂಗಿ ಮನೆಯಿಂದಲೇ ಕೆಲಸ ಮಾಡುವ ಏರ್ಪಾಡು ಮಾಡಿಕೊಂಡಿದ್ದಳು. ಹೊರಡುವಾಗ ಅವಳಿಗೆ ಹೇಳಿದೆ, "ಬೆವತಾಗ ಬಟ್ಟಿಲೆ ಒತ್ರಿ. ಒಣಾ ಆಗಿಂದ ಪೌಡರ್ ಹಾಕ್ರಿ. ಮರೀಬ್ಯಾಡ್ರಿ ಮತ್ತ."

"ಓಕೆ ಸಿಸ್ಟರ್, ಖಂಡಿತ," ಎಂದು ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಅಂದಳು. ಹುಡುಗಿ ಚುರುಕು, ಹೇಳಿದ್ದನ್ನು ಮಾಡುವವಳು ಎಂದು ನನಗೆ ಸಮಾಧಾನವಾಯಿತು.

ಆ ಸಮಾಧಾನ ವಾರವೂ ಉಳಿಯಲಿಲ್ಲ. ಬೇಸಿಗೆ ಏರುತ್ತಿತ್ತು. ಮೂರನೆಯ ಮಹಡಿಯ ಆ ಮನೆಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತಿತ್ತು. ದಿನ ಬೆಳಿಗ್ಗೆ ನಾನು ನೈಟಿ ಎತ್ತಿದಾಗ ಕೆಂಪು ಕಡಿಮೆಯಾಗಿರುತ್ತದೆ ಎಂದುಕೊಂಡರೆ ಅದು ನಿನ್ನೆಗಿಂತ ಒಂದು ಎಳೆ ಮುಂದೆ ಹೋಗಿರುತ್ತಿತ್ತು. ಒಂದು ದಿನ ಗಂಧದ ವಾಸನೆ ಬಂತು. ದಿಂಬಿನ ಕೆಳಗೆ ಕೈ ಹಾಕಿದರೆ ಸುಗಂಧದ ಪೌಡರ್ ಡಬ್ಬಿ ಸಿಕ್ಕಿತು.

"ಇದನ್ನ ಯಾರ್ ಹಾಕಂದ್ರು ನಿಮಗ?"

ಅವರು ಗೋಡೆಯ ಕಡೆ ನೋಡುತ್ತ ಹೇಳಿದರು, "ಅಲ್ಲಿಂದ ವಾಸ್ನೆ ಬರುತ್ತೆ ಸಿಸ್ಟರ್. ಊಟದ ಡಬ್ಬಿ ತಗೊಳ್ಳೋರು ಬಾಗ್ಲಿಗೆ ಬರ್ತಾರೆ. ನಾನು ಮಾಡಿದ ಊಟ ಅವರು ತಿನ್ಬೇಕಲ್ವಾ?"

ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ಸುಗಂಧ ಹಸಿ ಚರ್ಮಕ್ಕೆ ಉರಿ ಎಂದು ಮೆಲ್ಲಗೆ ತಿಳಿಸಿ, ಡಬ್ಬಿಯನ್ನು ತಂಗಿಯ ಕಪಾಟಿಗೆ ಸೇರಿಸಿದೆ. ಇನ್ನು ಇಳಿಯುತ್ತದೆ ಎಂದುಕೊಂಡು ಬಂದೆ.

ಇಳಿಯಲಿಲ್ಲ. ಬದಲಿಗೆ ಸಂದಿಯ ಆಳದಲ್ಲಿ ಬಿಳಿ ಗಂಟುಗಳು ಕಾಣತೊಡಗಿದವು, ಜೋಳದ ಹಿಟ್ಟು ನಾದಿದ ಮೇಲೆ ಪರಾತದ ಅಂಚಿಗೆ ಹತ್ತುತ್ತದಲ್ಲ, ಹಾಗೆ. ಅವನ್ನು ತೆಗೆಯಹೋದರೆ ಕೆಳಗಿನ ಚರ್ಮವೂ ಎದ್ದು ಬಂದು ರಕ್ತ ಒಸರಿತು. ಅವರು ಹಲ್ಲು ಕಚ್ಚಿ ಮಲಗಿದ್ದರು. ವಾಸಿ ಮಾಡಲು ಬಂದವಳು ಗಾಯ ಮಾಡಿದ್ದೆ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಖಡಕಿಯ ನಮ್ಮ ಮನೆಯಿಂದ ಬಸ್ಸು ಹತ್ತುವಾಗ ಒಂದು ಅನುಮಾನ, ಇಳಿಯುವಾಗ ಇನ್ನೊಂದು. ಪೌಡರ್ ಹಳೆಯದಿರಬಹುದೇ? ಹೊಸ ಡಬ್ಬಿ ತರಿಸಿದೆ. ಸಕ್ಕರೆ ಕಾಯಿಲೆ ಇರಬಹುದೇ? ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿದೆವು, ಇರಲಿಲ್ಲ. ಒಗೆದ ಬಟ್ಟೆಯಲ್ಲಿ ಸೋಪು ಉಳಿದಿರಬಹುದೇ? ಬಟ್ಟೆಗಳನ್ನು ನಾನೇ ಎರಡೆರಡು ನೀರಿನಲ್ಲಿ ಅದ್ದಿ ಒಣಹಾಕಿದೆ. ಕೊನೆಗೆ ಅನುಮಾನವೆಲ್ಲ ಒಲೆಯ ಮೇಲೆ ಬಂದು ನಿಂತಿತು. ಮಲಗಿರುತ್ತೇನೆ ಎಂದು ಹೇಳಿ ಈ ಹೆಂಗಸು ನಾನು ಹೋದ ಮೇಲೆ ಎದ್ದು ಒಲೆಯ ಮುಂದೆ ನಿಂತು ಬೆವರುತ್ತಿದ್ದಾರೆ.

ಕೇಳಿಯೇಬಿಟ್ಟೆ. ಅವರಿಗೆ ಕೋಪ ಬಂತು.

"ಅಡುಗೆಗೆ ಹೆಂಗಸನ್ನ ಇಟ್ಟಿದೀನಿ. ನಾನು ಇಲ್ಲಿಂದ್ಲೇ ಕೂಗಿ ಹೇಳೋದು. ನಂಬಿಕೆ ಇಲ್ದಿದ್ರೆ ಬರ್ಲೇಬೇಡಿ ನೀವು."

ಸಂಸ್ಥೆಯ ಮೇಲ್ವಿಚಾರಕಿಗೂ ದೂರು ಹೋಯಿತು. ಬೇರೆ ನರ್ಸ್ ಕಳಿಸಲೇ ಎಂದು ಆಕೆ ಮರಾಠಿಯಲ್ಲಿ ನನ್ನನ್ನೇ ಕೇಳಿದರು. ಇನ್ನು ಕೆಲವು ದಿನ ಕೊಡಿ ಎಂದೆ. ಬಾಯಿ ಹಾಗೆ ಹೇಳಿತಾದರೂ ಏನು ಮಾಡಬೇಕೆಂದು ನನಗೆ ಹೊಳೆಯುತ್ತಿರಲಿಲ್ಲ. ಸರ್ಜನ್ ಎರಡನೆಯ ತಪಾಸಣೆಗೆ ಕರೆದ ದಿನ ಹತ್ತಿರ ಬರುತ್ತಿತ್ತು.

ಒಂದು ಮಧ್ಯಾಹ್ನ ವಿಮಾನ ನಗರದ ನನ್ನ ಇನ್ನೊಬ್ಬ ಪೇಷಂಟ್ ಸ್ಕ್ಯಾನ್‌ಗೆ ಹೋದದ್ದರಿಂದ ನನಗೆ ಬಿಡುವಾಯಿತು. ಮನೆಗೆ ಹೋಗಲಿಲ್ಲ, ಹೇಳದೆ ಕೇಳದೆ ವಾಕಡಕ್ಕೆ ಹೋದೆ. ಅವರನ್ನು ಒಲೆಯ ಮುಂದೆ ಹಿಡಿಯಬೇಕೆಂಬ ಹಟವೇ ಇತ್ತು ಎಂದರೂ ಸರಿ. ಹೋಗಿ ನೋಡಿದರೆ ಅವರು ಮಂಚದ ಮೇಲೆಯೇ ಇದ್ದರು, ಬೆವರಿನಲ್ಲಿ ತೋಯ್ದು. ಅಡುಗೆಯ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು. ನೀರು ಕೇಳಿ ಕುಡಿಯುತ್ತ ಕೂತೆ.

ಅಷ್ಟರಲ್ಲಿ ತಂಗಿಯ ಫೋನು ಕಿಣಿಕಿಣಿ ಅಂದಿತು. ಅವಳು ಕಿವಿಯಲ್ಲಿ ಮೀಟಿಂಗ್ ಇಟ್ಟುಕೊಂಡೇ ಒಳಗಿನಿಂದ ಬಂದಳು. ನನಗೆ ಕೈಸನ್ನೆಯಲ್ಲೇ ನಮಸ್ಕಾರ ಮಾಡಿದಳು. ಅಕ್ಕ ಹೊದಿಕೆಯ ಕೆಳಗೆ ಹೊಟ್ಟೆ ಎತ್ತಿ ಹಿಡಿದರು. ತಂಗಿ ಔಷಧಿ ಪೌಡರಿನ ಡಬ್ಬಿಯನ್ನು ಬೋರಲು ಹಾಕಿ ಮೂರು ಸಲ ತಟ್ಟಿದಳು. ಒರೆಸಲಿಲ್ಲ, ಒತ್ತಲಿಲ್ಲ. ಹೊದಿಕೆ ಎಳೆದು ತಿರುಗಿ ಹೊರಟಳು. ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು.

"ಇದೇನ್ರೀ ಇದು?" ಎಂದೆ.

"ಪೌಡರ್ ಟೈಮ್ ಸಿಸ್ಟರ್. ಗಂಟೆಗೊಂದ್ಸಲ ಅಲಾರಾಂ ಇಟ್ಟಿದೀನಿ."

"ಗಂಟೆಗೊಮ್ಮೆ ಹಾಕಂತ ಯಾರ್ ಹೇಳ್ಯಾರ?"

ಅವಳು ಕಿವಿಯಿಂದ ಮೀಟಿಂಗ್ ಕಿತ್ತಳು. "ನೀವೇ ಅಲ್ವಾ? ಫಸ್ಟ್ ಡೇ ಹೇಳಿದ್ರಲ್ಲ, ಒಣ, ಆಗಿಂದಾಗ ಪೌಡರ್ ಹಾಕಿ ಅಂತ."

"ನಾ ಎಲ್ಲಿ ಆಗಿಂದಾಗ ಅಂದೆ? ಒಣಾ ಆಗಿಂದ ಅಂದೆ."

"ಅದೇ ಸಿಸ್ಟರ್. ಆಗಾಗ."

"ಆಗಾಗ ಅಲ್ರೀ. ಆಗಿಂದ. ಊಟಾ ಆಗಿಂದ ಬಾ ಅಂತೀವಲ್ಲ, ಹಂಗ."

"ನಾವು ಹಾಗೆ ಅನ್ನಲ್ಲ," ಎಂದಳು ಅವಳು, ಸಣ್ಣ ದನಿಯಲ್ಲಿ.

ವಿಜಯಪುರದ ಕಡೆಯ ನನ್ನ ಬಾಯಲ್ಲಿ 'ಆಗಿಂದ' ಎಂದರೆ 'ಆದ ಮೇಲೆ'. ಒಣಗಿದ ಮೇಲೆ ಪೌಡರ್ ಹಾಕಿ ಎಂದಿದ್ದೆ. ಅವಳ ಮೈಸೂರಿನ ಕಿವಿಗೆ ಅದು 'ಆಗಿಂದಾಗ', ಎಂದರೆ ಪದೇ ಪದೇ ಎಂದು ಕೇಳಿಸಿತ್ತು. 'ಒಣಾ' ಎಂದದ್ದು ಪೌಡರಿನ ಗುಣವೆಂದು ತಿಳಿದಿದ್ದಳು. ಒಣ ಪುಡಿಯೇ ಬೆವರು ಕುಡಿಯುವಾಗ ಬಟ್ಟೆ ಯಾಕೆ ಎಂದು ಒತ್ತುವುದನ್ನು ಬಿಟ್ಟಿದ್ದಳು. ಬೆವೆತ ಸಂದಿಗೆ ಗಂಟೆಗೊಮ್ಮೆ ಸುರಿದ ಪುಡಿ ಬೆವರಿನಲ್ಲಿ ಕಲಸಿ, ಗಟ್ಟಿಯಾಗಿ, ಚರ್ಮವನ್ನು ಅರೆಯುತ್ತಿತ್ತು. ಅವಳು ನನಗಿಂತ ಶ್ರದ್ಧೆಯಿಂದ ಕೆಲಸ ಮಾಡಿದ್ದಳು. ಮೀಟಿಂಗ್ ಬಿಟ್ಟು, ಊಟ ಬಿಟ್ಟು ಎದ್ದು ಬಂದು ಹಾಕಿದ್ದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ಇಲ್ಲಿ ಇಬ್ಬರೂ ಒಂದೇ ಕಡೆ ಎಳೆಯುತ್ತಿದ್ದೇವೆ ಎಂದುಕೊಂಡೇ ಹೀಗಾಗಿತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಮೊದಲು ಬಾಯಿ ಬಿಟ್ಟವರು ಅಕ್ಕ. "ಅಂದ್ರೆ ಇಷ್ಟು ದಿನ ನಾನು ರವೆಯಲ್ಲಿ ಹೊರಳಿಸಿದ ಕಟ್ಲೆಟ್ ಥರ ಬಿದ್ದಿದ್ನಾ?" ಎಂದು ನಕ್ಕರು. ನಗುತ್ತ ನಗುತ್ತ ಸೊಂಟ ಹಿಡಿದುಕೊಂಡು ಅತ್ತರು. ತಂಗಿ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು.

ಆ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಇನ್ನು ಪೌಡರ್ ಬೇಡ, ಗಂಟೆಗೊಮ್ಮೆಯೂ ಬೇಡ, ದಿನಕ್ಕೊಮ್ಮೆಯೂ ಬೇಡ ಎಂದು ಅಲ್ಲಿಯೇ ನಿಶ್ಚಯಿಸಿದೆ. ಆದರೆ ಅದು ಡಾಕ್ಟರ್ ಬರೆದ ಔಷಧಿ, ನಿಲ್ಲಿಸುವ ಅಧಿಕಾರ ನನ್ನದಲ್ಲ. ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಎರಡು ಕನ್ನಡದ ಕಥೆಯನ್ನು ಮರಾಠಿಯಲ್ಲಿ ವಿವರಿಸುವುದು ಸುಲಭವಿರಲಿಲ್ಲ. ಅವರು ಸ್ವಲ್ಪ ಗೊಣಗಿದರು. ಪುಡಿಯ ಬದಲು ಅದೇ ಔಷಧಿಯ ಮುಲಾಮು ಹೇಳಿದರು, ಅದೂ ತೆಳ್ಳಗೆ, ಹಸಿ ಹೋದ ಮೇಲೆ.

ಗಂಟುಗಳನ್ನು ಈ ಸಲ ಕೀಳಲಿಲ್ಲ. ಹತ್ತಿಯನ್ನು ಎಣ್ಣೆಯಲ್ಲಿ ನೆನೆಸಿ ಅವುಗಳ ಮೇಲಿಟ್ಟು, ಮೆತ್ತಗಾಗಿ ತಾವಾಗಿಯೇ ಜಾರುವವರೆಗೆ ಕಾದೆ. ಹಳೆಯ ಹತ್ತಿ ಸೀರೆಯನ್ನು ಉದ್ದುದ್ದ ಪಟ್ಟಿಗಳಾಗಿ ಹರಿದು, ಸಂದಿಯಲ್ಲಿ ಚರ್ಮಕ್ಕೆ ಚರ್ಮ ತಾಗದಂತೆ ಒಂದೊಂದನ್ನು ಮಡಚಿ ಇಟ್ಟೆ. ಪಟ್ಟಿ ಒದ್ದೆಯಾದರೆ ಬದಲಿಸಬೇಕು. ದಿನಕ್ಕೆ ಕೆಲವು ಹೊತ್ತು ಬಾಗಿಲು ಹಾಕಿಕೊಂಡು, ಕಾಲು ಅಗಲಿಸಿ, ಮೈ ಮೇಲೆ ಏನೂ ಇಲ್ಲದೆ ಫ್ಯಾನಿನ ಕೆಳಗೆ ಮಲಗಬೇಕು. ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಅಡುಗೆಮನೆಯಲ್ಲಿ ಜನ ಓಡಾಡುತ್ತಿದ್ದರೆ ಹಾಗೆ ಮಲಗುವುದು ಹೇಗೆ?

"ಊಟದ ಡಬ್ಬಿ ನಿಲ್ಲಿಸ್ತೀನಿ," ಎಂದರು ಒಂದು ದಿನ, ತಾವಾಗಿಯೇ. "ಕಾಲು ಬಂದ್ಮೇಲೆ ಮತ್ತೆ ಹಚ್ಚಿದ್ರಾಯ್ತು ಒಲೆ."

ಇನ್ನು ಮಾತಿನ ಗೊಂದಲ ಆಗಬಾರದೆಂದು ನಾವು ಮೂವರೂ ಒಂದು ಒಪ್ಪಂದಕ್ಕೆ ಬಂದೆವು. ನನ್ನ ಕನ್ನಡವೂ ಬೇಡ, ಅವರ ಕನ್ನಡವೂ ಬೇಡ. ಹಸಿ ಇದ್ದರೆ 'ಓಲಂ', ಒಣಗಿದ್ದರೆ 'ಕೋರಡಂ', ಎರಡೂ ಇಲ್ಲಿನ ಮರಾಠಿ ಮಾತು. ತರಕಾರಿಯವನ ಹತ್ತಿರ ಕೊತ್ತಂಬರಿ ಕೇಳುವಷ್ಟು ಮರಾಠಿ ಮಾತ್ರ ಬರುತ್ತಿದ್ದ ಅಕ್ಕ ಈ ಎರಡನ್ನು ಚೆನ್ನಾಗಿ ಕಲಿತರು. ನಾನು ಬೆಲ್ ಮಾಡಿದರೆ ಒಳಗಿನಿಂದಲೇ "ಓಲಂ" ಎಂದೋ "ಕೋರಡಂ" ಎಂದೋ ಕೂಗುತ್ತಿದ್ದರು. ಪಕ್ಕದ ಮನೆಯವರು ಏನೆಂದುಕೊಂಡರೋ ಗೊತ್ತಿಲ್ಲ. ಬರಬರುತ್ತ ಕೋರಡಂ ಹೆಚ್ಚಾಯಿತು. ಕೆಂಪು ಅಂಚಿನಿಂದ ಒಳಗೆ ಸರಿಯಿತು, ಹೊಸ ಚರ್ಮ ತಿಳಿಗುಲಾಬಿಯಾಗಿ ಕಾಣಿಸಿತು. ಅವರ ಮುಖದಲ್ಲಿ ಕಳೆ ಬಂತು. ನನಗೆ ಮಾತ್ರ ಒಳಗಿನ ಕಸಿವಿಸಿ ಹೋಗಲಿಲ್ಲ.

ತಪಾಸಣೆಯ ದಿನ ನಾನೂ ಆಸ್ಪತ್ರೆಗೆ ಹೋದೆ. ಬಹಳ ಹೊತ್ತು ಕಾದ ಮೇಲೆ ಒಳಗೆ ಕರೆದರು. ಸರ್ಜನ್ ನೋಡಿ ತಲೆಯಾಡಿಸಿದರು. ಸಂದಿಯ ಕೊನೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗ ಬಿಟ್ಟರೆ ಎಲ್ಲ ಮಾಯ್ದಿತ್ತು. ಆ ಜಾಗವೂ ಒಣಗಿದಂತೆಯೇ ಕಂಡಿತು. ಅವರು ಬೆರಳಿನಿಂದ ಮುಟ್ಟಿ, ನನ್ನ ಕಡೆ ತಿರುಗಿದರು.

"ಕಾಯ ಸಿಸ್ಟರ್, ಗುರುವಾರೀ ಘೇಊ ಯಾ?"

ಗುರುವಾರ ಆಪರೇಷನ್ ಇಟ್ಟುಕೊಳ್ಳೋಣವೇ ಎಂದು ಕೇಳುತ್ತಿದ್ದರು. ದಿನವೂ ನೋಡುವವಳು ನಾನು ಎಂದು ಕೇಳಿದ್ದರು. ಅಕ್ಕ ಮಲಗಿದಲ್ಲಿಂದಲೇ ನನ್ನ ಮುಖ ನೋಡಿದರು. ಹೂಂ ಎಂದರೆ ಮುಗಿಯಿತು. ನಾನೂ ಬೆರಳಿನ ಹಿಂಬದಿ ತಾಗಿಸಿದೆ. ಅಂಟಲಿಲ್ಲ. ಆದರೆ ಬೆಳಿಗ್ಗೆ ಮನೆಯಲ್ಲಿ ಅದೇ ಜಾಗ ತಣ್ಣಗೆ ಅಂಟಿತ್ತು. ಅಷ್ಟು ಹೊತ್ತು ಏಸಿಯಲ್ಲಿ ಕೂತದ್ದರಿಂದ ಮೇಲಿನ ಪದರ ಒಣಗಿತ್ತು, ಅಷ್ಟೆ. ಹೇಳಲೋ ಬೇಡವೋ ಎಂದು ಒಂದು ಗಳಿಗೆ ಒದ್ದಾಡಿದೆ.

"ನಾಹೀ ಸರ್," ಎಂದೆ. "ಏಸೀಮುಳೆ ಕೋರಡಂ ದಿಸತಂಯ್. ಘರೀ ಓಲಂ ಹೋತಂ."

ಏಸಿಯಿಂದಾಗಿ ಒಣಗಿದಂತೆ ಕಾಣುತ್ತಿದೆ, ಮನೆಯಲ್ಲಿ ಹಸಿ ಇತ್ತು ಎಂದಿದ್ದೆ. ಬೇರೆ ಮಾತಾಗಿದ್ದರೆ ಅಕ್ಕನಿಗೆ ತಿಳಿಯುತ್ತಿರಲಿಲ್ಲ. ಆ ಎರಡು ಶಬ್ದ ನಾನೇ ಕಲಿಸಿದ್ದೆ. ಅವರು ಕಣ್ಣು ಮುಚ್ಚಿಕೊಂಡರು. ಸರ್ಜನ್ ಮತ್ತೊಮ್ಮೆ ಬಗ್ಗಿ ನೋಡಿ, ಹಾಗಾದರೆ ಅದರ ಮುಂದಿನ ವಾರ ಎಂದರು.

ಮನೆಗೆ ಬಂದ ಮೇಲೆ ತಂಗಿ ಸಿಡಿದಳು. "ಡಾಕ್ಟರೇ ಓಕೆ ಅಂತಿದ್ರು. ನೀವ್ಯಾಕೆ ಅಡ್ಡ ಬಾಯಿ ಹಾಕಿದ್ರಿ? ರಾತ್ರಿ ಅವಳು ನರಳೋದನ್ನ ನೀವು ಕೇಳಿದೀರಾ?"

"ಕೇಳಿಲ್ರೀ," ಎಂದೆ. "ಆದ್ರ ಹಾಕಿದ ಕೀಲು ತಗದವ್ರು ನರಳೂದು ಕೇಳೀನಿ. ಅದು ಭಾಳ ಕೆಟ್ಟ ಅದ."

ಹೇಳಿ ಹೊರಗೆ ಬಂದೆ. ಬಸ್ ನಿಲ್ದಾಣದಲ್ಲಿ ಒಂದರ ಹಿಂದೆ ಒಂದು ಬಸ್ಸು ಹೋದವು, ಹತ್ತಲಿಲ್ಲ. ಈ ವಾರದಲ್ಲಿ ಅದು ಮತ್ತೆ ಕೆರಳಿದರೆ? ಬಿಸಿಲು ಇನ್ನೂ ಏರಿದರೆ? ಸಿಕ್ಕ ದಿನವನ್ನು ನನ್ನ ಬಾಯಿಯಿಂದಲೇ ಕಳೆದಂತಾಗುತ್ತದೆ. ಹೆದರಿಕೆಯಾಗಿತ್ತು, ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮರುದಿನ ಬೆಲ್ ಮಾಡಿದಾಗ ಒಳಗಿನಿಂದ ಯಾವ ಕೂಗೂ ಬರಲಿಲ್ಲ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ನೀರು ತಂದಿಟ್ಟೆ. ಅವರು ನನ್ನ ಕಡೆ ತಿರುಗದೆಯೇ ಮಡಿಕೆ ಎತ್ತಿ ಹಿಡಿದರು, ಲೈಟಿನ ಮಾತು ಎತ್ತಲಿಲ್ಲ. ಕೆಲಸ ಮುಗಿಯುವವರೆಗೂ ಹಾಗೆಯೇ ಹಿಡಿದಿದ್ದರು. ಆ ವಾರವೆಲ್ಲ ನಮ್ಮ ನಡುವೆ ಅಷ್ಟೇ ಮಾತು. ನಾನು ಹೇಳದ ಹೊತ್ತಿನಲ್ಲೂ ಅವರು ಪಟ್ಟಿ ಬದಲಿಸಿಕೊಂಡದ್ದು ಬಕೆಟ್ಟಿನಲ್ಲಿ ಬಿದ್ದ ಬಟ್ಟೆಗಳಿಂದ ತಿಳಿಯುತ್ತಿತ್ತು. ಜಾಗ ಪೂರ್ತಿ ಮುಚ್ಚಿದ ಮೇಲೆ ಡಾಕ್ಟರರನ್ನು ಕೇಳಿ ಚಿಟಿಕೆಯಷ್ಟು ಪೌಡರನ್ನು ಅಂಗೈಗೆ ಹಾಕಿಕೊಂಡು ಸವರಿದೆ. ಮಾರನೆಯ ದಿನ ಅದು ಗಂಟಾಗದೆ ಹಾಗೆಯೇ ನಯವಾಗಿ ಇತ್ತು.

ಆಪರೇಷನ್ ದಿನ ಬೆಳಿಗ್ಗೆ ವಾರ್ಡಿಗೆ ಹೋದಾಗ ಅವರಿಗೆ ಹಸಿರು ಗೌನ್ ತೊಡಿಸಿದ್ದರು. ನಾನೇ ಸಂದಿಯನ್ನು ಕೊನೆಯ ಸಲ ಒರೆಸಿದೆ. ಪೌಡರ್ ಹಾಕಲಿಲ್ಲ, ಆಪರೇಷನ್‌ಗೆ ಹೋಗುವ ಚರ್ಮದ ಮೇಲೆ ಏನೂ ಇರಬಾರದು. ಸರ್ಜನ್ ಬಂದರು, ಹೊದಿಕೆ ಸರಿಸಿದರು. ಅವರು ಸಂದಿಯನ್ನು ನೋಡಿದರು, ಮಡಿಕೆ ಎತ್ತಿ ನೋಡಿದರು, ಚರ್ಮದ ಬಗ್ಗೆ ಒಂದು ಮಾತೂ ಆಡಲಿಲ್ಲ. ಜೇಬಿನಿಂದ ಗುರುತು ಹಾಕುವ ದಪ್ಪ ಪೆನ್ನು ತೆಗೆದು ತೊಡೆಯ ಮೇಲೆ, ಸೊಂಟದ ಕಡೆಗೆ ಒಂದು ಬಾಣ ಬರೆದರು. ಹಸಿ ಚರ್ಮವಾಗಿದ್ದರೆ ಶಾಯಿ ಹರಡುತ್ತಿತ್ತು, ಪುಡಿಯಿದ್ದರೆ ಪೆನ್ನು ಜಾರುತ್ತಿತ್ತು. ಮೊದಲ ಗೆರೆಗೇ ಶಾಯಿ ಹಿಡಿಯಿತು.

ಅಕ್ಕ ಮೊಣಕೈ ಊರಿ ತಲೆ ಎತ್ತಿ ಅದನ್ನು ನೋಡಿದರು.

"ಇದೇ ಕಾಲು ತಾನೆ ಸಿಸ್ಟರ್? ಸರಿಯಾಗಿ ಹಾಕಿದಾರಾ?"

"ಹೌದ್ರೀ ಅಕ್ಕಾರ, ಇದ ಕಾಲು."

ಅವರು ಮತ್ತೆ ಮಲಗಿಕೊಂಡು ನನ್ನ ಕೈ ಹಿಡಿದುಕೊಂಡರು. ಸ್ಟ್ರೆಚರ್ ಬಾಗಿಲು ದಾಟುವವರೆಗೂ ಬಿಡಲಿಲ್ಲ.